ಮನೆಯಲ್ಲೇ ರೆಕಾರ್ಡಿಂಗ್: ಸದ್ದು ಕೆಟ್ಟಾಗ ಎಲ್ಲಿಂದ ಹುಡುಕಬೇಕು

ರೆಕಾರ್ಡಿಂಗ್‌ನಲ್ಲಿ ಏನೇ ಎಡವಟ್ಟಾದರೂ ಹೆಚ್ಚಿನವರು ಮೊದಲು ಮಾಡುವುದು ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುವುದು. ಎರಡನೆಯದು ಹೊಸ ಮೈಕ್‌ನ ಬೆಲೆ ನೋಡುವುದು. ಎರಡೂ ಕೊನೆಗೆ ಮಾಡಬೇಕಾದ ಕೆಲಸಗಳು. ನಿಮ್ಮ ದನಿ ಬಾಯಿಂದ ಹೊರಟು ಮೈಕ್, ಕೇಬಲ್, ಸೌಂಡ್ ಕಾರ್ಡ್, ಅದನ್ನು ಕಂಪ್ಯೂಟರಿಗೆ ಪರಿಚಯಿಸುವ ಡ್ರೈವರ್, ಸಾಫ್ಟ್‌ವೇರ್, ಪ್ಲಗಿನ್ (ಸಾಫ್ಟ್‌ವೇರಿಗೆ ಸೇರಿಸುವ ಎಫೆಕ್ಟ್) ಎಲ್ಲ ದಾಟಿ ಹೆಡ್‌ಫೋನಿಗೆ ಬರುತ್ತದೆ. ಕೆಟ್ಟಿರುವುದು ಸಾಮಾನ್ಯವಾಗಿ ಇವುಗಳಲ್ಲಿ ಒಂದೇ. ಅದು ಯಾವುದು ಅಂತ ಗೊತ್ತಾಗುವ ತನಕ ಏನನ್ನೂ ಬದಲಾಯಿಸಬೇಡಿ, ಏನನ್ನೂ ಕೊಳ್ಳಬೇಡಿ.

ಇಲ್ಲಿ ಸೌಂಡ್ ಕಾರ್ಡ್ ಅಂದರೆ ಯುಎಸ್‌ಬಿಗೆ ಚುಚ್ಚುವ ಆಡಿಯೋ ಇಂಟರ್‌ಫೇಸ್ ಪೆಟ್ಟಿಗೆ. ಉದಾಹರಣೆಗಳಿಗೆ ರೆಕಾರ್ಡಿಂಗ್ ಸಾಫ್ಟ್‌ವೇರುಗಳಾದ ರೀಪರ್ ಮತ್ತು ಆಡಾಸಿಟಿ ಹಿಡಿದುಕೊಂಡಿದ್ದೇನೆ. ಗ್ಯಾರೇಜ್‌ಬ್ಯಾಂಡ್, ಕೇಕ್‌ವಾಕ್ ಬಳಸುವವರಿಗೂ ಹುಡುಕುವ ದಾರಿ ಇದೇ, ಮೆನುವಿನ ಹೆಸರು ಮಾತ್ರ ಬೇರೆ.

ಕೈ ಹಾಕುವ ಮೊದಲು

ಒಂದು ಖಾಲಿ ಪ್ರಾಜೆಕ್ಟ್ ತೆರೆಯಿರಿ. ಒಂದೇ ಟ್ರ್ಯಾಕ್ ಸಾಕು, ಪ್ಲಗಿನ್ ಒಂದೂ ಬೇಡ. ರೆಕಾರ್ಡ್ ಒತ್ತಿ ಹತ್ತು ಸೆಕೆಂಡ್ ಸುಮ್ಮನಿರಿ. ಆಮೇಲೆ ಹತ್ತು ಸೆಕೆಂಡ್ ಸರಿಗಮ ಹಾಡಿ, ಒಂದು ಚಪ್ಪಾಳೆ ತಟ್ಟಿ ನಿಲ್ಲಿಸಿ. ಇದರಲ್ಲಿ ದೋಷ ಕೇಳಿಸದಿದ್ದರೆ ತೊಂದರೆ ಇರುವುದು ನಿಮ್ಮ ಹಳೆಯ ಪ್ರಾಜೆಕ್ಟಿನ ಒಳಗೆ, ಬಹುತೇಕ ಯಾವುದೋ ಪ್ಲಗಿನ್‌ನಲ್ಲಿ. ಇದರಲ್ಲೂ ಕೇಳಿಸಿದರೆ ಪ್ರಾಜೆಕ್ಟ್ ಬಿಡಿ, ತಂತಿ ಮತ್ತು ಡ್ರೈವರ್ ಕಡೆ ಹೊರಡಿ. ಅರ್ಧ ಕೆಲಸ ಇಲ್ಲಿಗೇ ಮುಗಿಯಿತು. ಈ ಪ್ರಾಜೆಕ್ಟನ್ನು ‘ಪರೀಕ್ಷೆ’ ಅಂತ ಸೇವ್ ಮಾಡಿಡಿ, ಮುಂದೆ ಹಲವು ಸಲ ಬೇಕಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಇದನ್ನೇ ಮತ್ತೆ ಮಾಡಿ ನೋಡಿ.

ಇನ್ನು ಕರೆಂಟಿನ ವಿಷಯ. ಇದರಲ್ಲಿ ರಿಯಾಯಿತಿ ಇಲ್ಲ.

ಮೈಕ್ ತುಟಿಗೆ ತಾಗಿದಾಗ ಅಥವಾ ಲ್ಯಾಪ್‌ಟಾಪಿನ ಮೈ ಮುಟ್ಟಿದಾಗ ಜುಮ್ ಅಂದರೆ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲಿಸಿ, ಪ್ಲಗ್ ಕಿತ್ತಿಡಿ. ಎರಡು ಪಿನ್ನಿನ ಚಾರ್ಜರಿಂದ ಸಣ್ಣ ಸೋರಿಕೆ ಬರುವುದುಂಟು. ಆದರೆ ಅದು ಅದೇನಾ, ಇಲ್ಲ ಮನೆಯ ಅರ್ತಿಂಗೇ ಹೋಗಿದೆಯಾ ಅಂತ ಮುಟ್ಟಿ ಹೇಳಲು ಆಗುವುದಿಲ್ಲ. ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ನೋಡಲಿ.

48 ವೋಲ್ಟ್ ಫ್ಯಾಂಟಮ್ ಪವರ್ (ಸೌಂಡ್ ಕಾರ್ಡ್ ಕೇಬಲಿನ ಮೂಲಕ ಮೈಕಿಗೆ ಕೊಡುವ ಕರೆಂಟು) ಆಫ್ ಮಾಡಿ, ಹೆಡ್‌ಫೋನ್ ವಾಲ್ಯೂಮ್ ಸೊನ್ನೆಗೆ ತಂದ ಮೇಲೆಯೇ ಮೈಕ್ ಕೇಬಲ್ ಕೀಳಿ ಅಥವಾ ಚುಚ್ಚಿ. ಇಲ್ಲದಿದ್ದರೆ ಬರುವ ‘ಢಬ್’ ಕಿವಿಗೆ ಒಳ್ಳೆಯದಲ್ಲ. ಮಲೆನಾಡು, ಕರಾವಳಿ ಕಡೆಯವರು ಗುಡುಗು ಶುರುವಾದರೆ ಸ್ವಿಚ್ ಆರಿಸಿ ಸುಮ್ಮನಾಗಬೇಡಿ. ಪ್ಲಗ್ ಕೀಳಿ, ಲ್ಯಾಪ್‌ಟಾಪಿಗೆ ಇಂಟರ್ನೆಟ್ಟಿನ ತಂತಿ ಇದ್ದರೆ ಅದನ್ನೂ ಕೀಳಿ.

ಸದ್ದೇ ಬರುತ್ತಿಲ್ಲ

ಕಂಪ್ಯೂಟರ್ ನೋಡುವ ಮೊದಲು ಸೌಂಡ್ ಕಾರ್ಡ್ ಮೇಲಿನ ದೀಪ ನೋಡಿ. ಹಾಡಿದಾಗ ಗೇನ್ (ಮೈಕಿನ ಸದ್ದು ಏರಿಸುವ ಗುಂಡಿ) ಪಕ್ಕದ ದೀಪ ಹಸಿರಾಗಿ ಮಿನುಗುತ್ತಿದ್ದರೆ ಮೈಕ್, ಕೇಬಲ್ ಎರಡೂ ಸರಿ ಇವೆ ಅಂತ ಅರ್ಥ. ಮಿನುಗದಿದ್ದರೆ ಸಾಫ್ಟ್‌ವೇರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಗೇನ್ ಏರಿಸಿ. ಕಂಡೆನ್ಸರ್ ಮೈಕ್ ಆಗಿದ್ದರೆ 48 ವೋಲ್ಟ್ ಗುಂಡಿ ಒತ್ತಿ, ಅದಿಲ್ಲದೆ ಆ ಮೈಕ್ ಕೆಲಸವನ್ನೇ ಮಾಡುವುದಿಲ್ಲ. ಡೈನಾಮಿಕ್ ಮೈಕಿಗೆ ಅದು ಬೇಕಿಲ್ಲ. ಹಳೆಯ ಕಾಲದ ರಿಬ್ಬನ್ ಮೈಕ್ ಕೈಗೆ ಸಿಕ್ಕಿದ್ದರೆ ಆ ಗುಂಡಿ ಮುಟ್ಟಲೇಬೇಡಿ, ಮೈಕ್ ಹಾಳಾದೀತು. ಆಮೇಲೆ ಕೇಬಲ್ ಬದಲಿಸಿ ನೋಡಿ.

ಫೋನಿಗೆ ಅಂತ ಕೊಂಡ ಕಾಲರ್ ಮೈಕನ್ನು ಲ್ಯಾಪ್‌ಟಾಪಿಗೆ ಹಾಕಿದ್ದೀರಾ? ಅದರ ಪಿನ್ ಮೇಲಿನ ಕಪ್ಪು ಗೆರೆ ಎಣಿಸಿ. ಮೂರು ಗೆರೆ ಇದ್ದರೆ ಅದು ಹೆಡ್‌ಫೋನ್, ಮೈಕ್ ಎರಡೂ ಸೇರಿದ ತೂತಿಗೆ ಮಾಡಿದ್ದು. ಬರೀ ಮೈಕಿಗೇ ಇರುವ ಬೇರೆ ತೂತಿಗೆ ಅದು ಹೊಂದುವುದಿಲ್ಲ, ನಡುವೆ ಒಂದು ಸ್ಪ್ಲಿಟರ್ ಬೇಕು.

ದೀಪ ಮಿನುಗುತ್ತಿದೆ, ಸಾಫ್ಟ್‌ವೇರ್ ಮೀಟರ್ ಮಾತ್ರ ಸತ್ತಿದೆ ಅನ್ನುವವರು ಅನುಮತಿ ನೋಡಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಮೈಕ್ರೋಫೋನ್ ಅಂತ ಹೋದರೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಬೇರೆಯೇ ಒಂದು ಸ್ವಿಚ್ ಕೆಳಗಡೆ ಇರುತ್ತದೆ. ಮೇಲಿನ ಸ್ವಿಚ್ ಆನ್ ಇದ್ದು ಇದು ಆಫ್ ಇದ್ದರೂ ಸದ್ದು ಬರುವುದಿಲ್ಲ. ಮ್ಯಾಕ್‌ನಲ್ಲೂ ಪ್ರೈವಸಿ ಅಡಿಯಲ್ಲೇ ಮೈಕ್ರೋಫೋನ್ ಪಟ್ಟಿ ಇದೆ. ಮೊದಲ ಸಲ ಕೇಳಿದಾಗ ಅವಸರದಲ್ಲಿ ‘ಬೇಡ’ ಒತ್ತಿದ್ದರೆ ಮತ್ತೆ ಅದು ತಾನಾಗಿ ಕೇಳುವುದಿಲ್ಲ.

ಅನುಮತಿಯೂ ಸರಿ ಇದ್ದರೆ ರೀಪರ್‌ನಲ್ಲಿ ಟ್ರ್ಯಾಕಿನ ಕೆಂಪು ಗುಂಡಿ ಒತ್ತಿದೆಯಾ, ಇನ್‌ಪುಟ್ ಒಂದಾ ಎರಡಾ ನೋಡಿ. ಆಡಾಸಿಟಿ ತೆರೆದ ಮೇಲೆ ಸೌಂಡ್ ಕಾರ್ಡ್ ಚುಚ್ಚಿದ್ದರೆ ಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲ. ‘ರೀಸ್ಕ್ಯಾನ್ ಆಡಿಯೋ ಡಿವೈಸಸ್’ ಒತ್ತಿ.

ಅಲೆ ಮೂಡುತ್ತಿದೆ, ಕಿವಿಗೆ ಮಾತ್ರ ಕೇಳುತ್ತಿಲ್ಲ ಅಂದರೆ ಹೆಡ್‌ಫೋನ್ ಲ್ಯಾಪ್‌ಟಾಪಿಗೆ ಚುಚ್ಚಿರುತ್ತೀರಿ. ಸದ್ದು ಹೊರಡುತ್ತಿರುವುದು ಸೌಂಡ್ ಕಾರ್ಡಿಂದ. ಅಲ್ಲಿಗೆ ಚುಚ್ಚಿ.

ಪಟಪಟ, ಚಿಟಿಚಿಟಿ, ನಡುನಡುವೆ ತುಂಡು

ಮನೆಯ ರೆಕಾರ್ಡಿಂಗ್‌ನಲ್ಲಿ ಅತಿ ಹೆಚ್ಚು ಕಾಡುವುದು ಇದು. ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು: ಚಿಟಿಚಿಟಿ ಫೈಲಿನಲ್ಲಿ ಕೂತಿದೆಯಾ, ಇಲ್ಲ ಕೇಳುವಾಗ ಮಾತ್ರ ಬರುತ್ತಿದೆಯಾ? ಅದೇ ಜಾಗವನ್ನು ಎರಡು ಸಲ ಕೇಳಿ. ಎರಡು ಸಲವೂ ಅದೇ ಅಕ್ಷರದ ಮೇಲೆ ‘ಚಿಟ್’ ಅಂದರೆ ಅದು ಫೈಲಿನಲ್ಲೇ ಇದೆ. ಒಂದು ಸಲ ಪಲ್ಲವಿಯಲ್ಲಿ, ಇನ್ನೊಂದು ಸಲ ಚರಣದಲ್ಲಿ ಬಂದರೆ ಕಂಪ್ಯೂಟರ್ ಕೇಳಿಸಲು ಒದ್ದಾಡುತ್ತಿದೆ, ಫೈಲಿಗೆ ಏನೂ ಆಗಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ಟೇಕ್ ಅಳಿಸಿದವರು ತುಂಬಾ ಜನ.

ಎರಡೂ ಕಡೆ ಮೊದಲ ಅನುಮಾನ ಬಫರ್ ಮೇಲೆ. ಕಂಪ್ಯೂಟರ್ ಸದ್ದನ್ನು ಒಂದೊಂದು ಸ್ಯಾಂಪಲ್ (ಸದ್ದಿನ ಒಂದು ಕ್ಷಣದ ಅಳತೆ) ಆಗಿ ಅಲ್ಲ, ಕಂತು ಕಂತಾಗಿ ತೆಗೆದುಕೊಳ್ಳುತ್ತದೆ. ಒಂದು ಕಂತಿನಲ್ಲಿ ಎಷ್ಟು ಸ್ಯಾಂಪಲ್ ಅನ್ನುವುದೇ ಬಫರ್. ಕಂತು ಚಿಕ್ಕದಾದಷ್ಟೂ ತಡ ಕಡಿಮೆ, ಆದರೆ ಪ್ರೊಸೆಸರ್‌ಗೆ ಅವಸರ ಜಾಸ್ತಿ. ಸಮಯಕ್ಕೆ ಮುಗಿಸಲಾಗದ ಕಂತೇ ನಿಮಗೆ ಚಿಟಿಚಿಟಿ ಆಗಿ ಕೇಳುವುದು. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ ತೆಗೆಯುವಾಗ, 128ರ ಬಫರ್ ಅಂದರೆ 2.7 ಮಿಲಿಸೆಕೆಂಡ್, 256 ಅಂದರೆ 5.3, 1024 ಅಂದರೆ 21.3. ಹಾಡುವಾಗ 128 ಅಥವಾ 256, ಮಿಕ್ಸ್ ಮಾಡುವಾಗ 1024 ಇಟ್ಟುಕೊಳ್ಳಿ. ರೀಪರ್‌ನಲ್ಲಿ ಪ್ರೆಫರೆನ್ಸಸ್, ಆಡಿಯೋ, ಡಿವೈಸ್ ಅಡಿಯಲ್ಲಿ ಇದು ಸಿಗುತ್ತದೆ. ಎಲ್ಲ ಕೆಲಸಕ್ಕೂ 64 ಇಟ್ಟುಕೊಂಡು ಲ್ಯಾಪ್‌ಟಾಪಿಗೆ ಬೈಯುವುದು ನ್ಯಾಯವಲ್ಲ.

ಬಫರ್ ಏರಿಸಿದರೂ ಹೋಗದಿದ್ದರೆ ಕಾಸು ಖರ್ಚಿಲ್ಲದ ಕೆಲಸಗಳು ಮೊದಲು. ಬ್ರೌಸರ್ ಮುಚ್ಚಿ. ಒನ್‌ಡ್ರೈವ್, ಗೂಗಲ್ ಡ್ರೈವ್ ಸಿಂಕ್ ನಿಲ್ಲಿಸಿ. ಬ್ಯಾಟರಿಯಲ್ಲಿ ಓಡುತ್ತಿದ್ದರೆ ಪವರ್ ಮೋಡನ್ನು ‘ಬೆಸ್ಟ್ ಪರ್ಫಾರ್ಮೆನ್ಸ್’ಗೆ ಹಾಕಿ, ಇಲ್ಲದಿದ್ದರೆ ಚಾರ್ಜ್ ಉಳಿಸಲು ಪ್ರೊಸೆಸರ್ ನಿಧಾನವಾಗುತ್ತದೆ. ಸೌಂಡ್ ಕಾರ್ಡನ್ನು ಯುಎಸ್‌ಬಿ ಹಬ್‌ನಿಂದ ಬಿಡಿಸಿ ನೇರ ಲ್ಯಾಪ್‌ಟಾಪಿಗೆ ಚುಚ್ಚಿ, ಬೇರೆ ಪೋರ್ಟ್ ನೋಡಿ, ಬೇರೆ ಯುಎಸ್‌ಬಿ ಕೇಬಲ್ ನೋಡಿ. ಕೇಬಲ್ ಅಲ್ಲಾಡಿಸಿದಾಗ ಮಾತ್ರ ಸದ್ದು ಬಂದರೆ ಉತ್ತರ ಸಿಕ್ಕಿತು. ಗೇನ್ ತಿರುಗಿಸುವಾಗ ಮಾತ್ರ ಕರಕರ ಅಂದರೆ ಅದು ಗುಂಡಿಯೊಳಗಿನ ಧೂಳು.

ಮುಂದಿನದು ಡ್ರೈವರ್. ವಿಂಡೋಸ್‌ನಲ್ಲಿ ಸೌಂಡ್ ಕಾರ್ಡ್ ಕಂಪನಿಯವರದೇ ಆಸಿಯೋ ಡ್ರೈವರ್ ಇಳಿಸಿಕೊಳ್ಳಿ. ಆಸಿಯೋ ಅನ್ನುವುದು ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ವ್ಯವಸ್ಥೆ. ವಿಂಡೋಸಿನ ಮಾಮೂಲಿ ಸದ್ದಿನ ದಾರಿಯನ್ನು ಬಿಟ್ಟು ಸೌಂಡ್ ಕಾರ್ಡಿನ ಜೊತೆ ನೇರವಾಗಿ ಮಾತಾಡುತ್ತದೆ. ಕಂಪನಿ ಡ್ರೈವರ್ ಕೊಟ್ಟಿಲ್ಲದಿದ್ದರೆ ಬೇರೆ ಬೇರೆ ಕಾರ್ಡಿಗೆ ಆಗುವ ಆಸಿಯೋ4ಆಲ್ ಅಥವಾ ವಿಂಡೋಸಿನಲ್ಲೇ ಇರುವ ವಾಸಾಪಿ ನೋಡಿ. ಮ್ಯಾಕ್‌ನವರಿಗೆ ಈ ತಲೆನೋವು ಕಡಿಮೆ, ಕೋರ್ ಆಡಿಯೋ ಒಳಗೇ ಇದೆ.

ಡ್ರೈವರ್ ಸರಿ ಇದ್ದೂ ಕೆಲವು ಸೆಕೆಂಡಿಗೊಮ್ಮೆ ಲೆಕ್ಕ ಹಾಕಿದ ಹಾಗೆ ‘ಚಿಟ್’ ಬಂದರೆ ವೈಫೈ ಆಫ್ ಮಾಡಿ ನೋಡಿ. ವೈಫೈ ಡ್ರೈವರ್ ಒಂದಿಷ್ಟು ಹೊತ್ತು ಪ್ರೊಸೆಸರನ್ನು ಹಿಡಿದಿಟ್ಟುಕೊಂಡರೆ ಹೀಗಾಗುತ್ತದೆ. ಲೇಟೆನ್ಸಿಮಾನ್ ಅನ್ನುವ ಸಣ್ಣ ಪ್ರೋಗ್ರಾಂ ಓಡಿಸಿದರೆ ಯಾವ ಡ್ರೈವರ್ ತಡೆಯುತ್ತಿದೆ ಅಂತ ಹೆಸರು ಹಿಡಿದು ಹೇಳುತ್ತದೆ.

ಖಾಲಿ ಪ್ರಾಜೆಕ್ಟ್ ಸರಿ, ದೊಡ್ಡದರಲ್ಲಿ ಮಾತ್ರ ತೊಂದರೆ ಅಂದರೆ ರೀಪರ್‌ನ ವ್ಯೂ ಮೆನುವಿನಲ್ಲಿ ಪರ್ಫಾರ್ಮೆನ್ಸ್ ಮೀಟರ್ ತೆರೆಯಿರಿ. ಯಾವ ಟ್ರ್ಯಾಕ್ ಎಷ್ಟು ತಿನ್ನುತ್ತಿದೆ ಕಾಣುತ್ತದೆ. ಜಾಸ್ತಿ ತಿನ್ನುವುದನ್ನು ಫ್ರೀಜ್ ಮಾಡಿ, ಅಂದರೆ ಪ್ಲಗಿನ್ ಸಮೇತ ಆಡಿಯೋ ಫೈಲಾಗಿಸಿ. ರಿವರ್ಬ್ (ಕೋಣೆಯ ಮಾರ್ದನಿ ಕೊಡುವ ಎಫೆಕ್ಟ್) ಪ್ರತಿ ಟ್ರ್ಯಾಕಿಗೂ ಬೇರೆಬೇರೆ ಹಾಕಿದ್ದೀರಾ? ಒಂದೇ ರಿವರ್ಬ್ ಟ್ರ್ಯಾಕ್ ಮಾಡಿ ಎಲ್ಲದರಿಂದ ಅಲ್ಲಿಗೆ ಸೆಂಡ್ ಕೊಡಿ. ಹೊರೆ ಇಳಿಯುತ್ತದೆ, ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಹಾಡಿದ ಹಾಗೂ ಕೇಳುತ್ತದೆ.

ಮಳೆಗಾಲಕ್ಕೆ ಸೇರಿದ್ದು ಇನ್ನೊಂದಿದೆ. ಶಿರಸಿ, ಆಗುಂಬೆ, ಮಂಗಳೂರು ಕಡೆ ಜುಲೈನಲ್ಲಿ ಕಂಡೆನ್ಸರ್ ಮೈಕ್ ಇದ್ದಕ್ಕಿದ್ದ ಹಾಗೆ ಫಟ್ ಫಟ್ ಅನ್ನಬಹುದು. ಮೈಕಿನ ಒಳಗಿನ ಪೊರೆಗೆ ತೇವ ಹಿಡಿದಿರುತ್ತದೆ. ಅದೇ ಕೇಬಲಿಗೆ ಡೈನಾಮಿಕ್ ಮೈಕ್ ಹಾಕಿದಾಗ ಸದ್ದು ಇಲ್ಲದಿದ್ದರೆ ಬಹುಮಟ್ಟಿಗೆ ಇದೇ ಕಾರಣ. ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದೆರಡು ದಿನ ಇಡಿ. ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ, ಪೊರೆ ಹಾಳಾಗುತ್ತದೆ.

ಹಾಡಿದ್ದು ತಡವಾಗಿ ಅಥವಾ ಎರಡೆರಡು ಸಲ ಕೇಳುತ್ತಿದೆ

ಬ್ಲೂಟೂತ್ ಹೆಡ್‌ಫೋನ್ ಹಾಕಿದ್ದೀರಾ? ತೆಗೆದಿಡಿ. ಅದರ ತಡವನ್ನು ಯಾವ ಸೆಟ್ಟಿಂಗೂ ಪೂರ್ತಿ ಹೋಗಲಾಡಿಸುವುದಿಲ್ಲ, ರೆಕಾರ್ಡಿಂಗಿಗೆ ತಂತಿ ಇರುವುದೇ ಬೇಕು. ಬ್ಲೂಟೂತಿನ ಇನ್ನೊಂದು ಕಾಟವೂ ಇದೆ. ಅದರ ಮೈಕ್ ಆನ್ ಆದ ತಕ್ಷಣ ಇಡೀ ಹೆಡ್‌ಸೆಟ್ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಟ್ರ್ಯಾಕ್ ಹಠಾತ್ತಾಗಿ ಡಬ್ಬದೊಳಗಿಂದ ಬಂದ ಹಾಗೆ ಕೇಳಿದರೆ ಅದೇ ಕಾರಣ.

ತಂತಿಯದೇ ಹಾಕಿದ್ದರೂ ತಡ ಅನ್ನಿಸಿದರೆ ಸೌಂಡ್ ಕಾರ್ಡ್ ಮೇಲೆ ‘ಡೈರೆಕ್ಟ್ ಮಾನಿಟರ್’ ಗುಂಡಿ ಹುಡುಕಿ. ಅದು ದನಿಯನ್ನು ಕಂಪ್ಯೂಟರಿಗೆ ಕಳಿಸುವುದರ ಜೊತೆಗೆ ನೇರವಾಗಿ ಕಿವಿಗೂ ಕೊಡುತ್ತದೆ. ಅದನ್ನು ಒತ್ತಿದ ಮೇಲೆ ಸಾಫ್ಟ್‌ವೇರಿನ ಮಾನಿಟರ್ ಆಫ್ ಮಾಡಬೇಕು. ಎರಡೂ ಆನ್ ಇದ್ದರೆ ದನಿ ಎರಡೆರಡು ಸಲ ಕೇಳುತ್ತದೆ, ಇಲ್ಲವೇ ಕೊಳವೆಯೊಳಗೆ ಹಾಡಿದ ಹಾಗಿರುತ್ತದೆ. ‘ಎಕೋ ಬರ್ತಿದೆ’ ಅಂತ ಬರುವ ದೂರುಗಳಲ್ಲಿ ಹೆಚ್ಚಿನವು ಇಷ್ಟೇ.

ಎಷ್ಟು ತಡ ಜಾಸ್ತಿ? ಸದ್ದು ಗಾಳಿಯಲ್ಲಿ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಕಛೇರಿಯಲ್ಲಿ ಮೂರು ಮೀಟರ್ ದೂರ ಕೂತ ಮೃದಂಗದವರ ಪೆಟ್ಟು ನಿಮಗೆ 9 ಮಿಲಿಸೆಕೆಂಡ್ ತಡವಾಗಿಯೇ ಮುಟ್ಟುತ್ತದೆ, ಯಾರೂ ತಾಳ ತಪ್ಪುವುದಿಲ್ಲ. ಹಾಗಾಗಿ 10ರೊಳಗೆ ಇದ್ದರೆ ಚಿಂತೆ ಬೇಡ. ಬಫರ್ 128 ಇಟ್ಟರೂ ತಡ ಎದ್ದು ಕಾಣುತ್ತಿದ್ದರೆ ಎಲ್ಲ ಟ್ರ್ಯಾಕುಗಳೂ ಸೇರುವ ಮಾಸ್ಟರ್ ಮೇಲಿನ ಲಿಮಿಟರ್ ಮತ್ತು ಲೀನಿಯರ್ ಫೇಸ್ ಈಕ್ಯು ಬೈಪಾಸ್ ಮಾಡಿ. ಮುಂದೇನು ಬರುತ್ತದೆ ಅಂತ ನೋಡಿಕೊಂಡು ಕೆಲಸ ಮಾಡುವ ಇಂಥ ಪ್ಲಗಿನ್‌ಗಳು ಇಡೀ ಪ್ರಾಜೆಕ್ಟನ್ನೇ ಕಾಯಿಸುತ್ತವೆ. ಅವು ಮಿಕ್ಸಿಗೆ, ಹಾಡುವ ಹೊತ್ತಿಗಲ್ಲ.

ಹಾಡುವಾಗ ಸರಿ ಇತ್ತು, ಕೇಳಿದರೆ ಟ್ರ್ಯಾಕಿಗೆ ಕೂಡುತ್ತಿಲ್ಲ

ಇಲ್ಲಿ ಒಂದೇ ಪ್ರಶ್ನೆ: ಅಂತರ ಮೊದಲಿಂದ ಕೊನೆಯವರೆಗೆ ಒಂದೇ ಸಮ ಇದೆಯಾ, ಇಲ್ಲ ಬೆಳೆಯುತ್ತ ಹೋಗುತ್ತದಾ?

ಒಂದೇ ಸಮ ಇದ್ದರೆ ಲೇಟೆನ್ಸಿ ಕಾಂಪನ್ಸೇಶನ್ (ತಡವನ್ನು ಸರಿದೂಗಿಸಲು ಟ್ರ್ಯಾಕನ್ನು ಹಿಂದಕ್ಕೆ ಸರಿಸುವುದು) ಸರಿ ಇಲ್ಲ. ಆಡಾಸಿಟಿಯಲ್ಲಿ ಅದು ಮೊದಲಿಂದ ಮೈನಸ್ 130 ಮಿಲಿಸೆಕೆಂಡ್ ಅಂತ ಇರುತ್ತದೆ. ಅದು ಅಂದಾಜಿನ ಸಂಖ್ಯೆ, ನಿಮ್ಮ ಕಂಪ್ಯೂಟರಿಗೆ ಅಳೆದದ್ದಲ್ಲ. ಜನರೇಟ್ ಮೆನುವಿನಿಂದ ರಿದಂ ಟ್ರ್ಯಾಕ್ ಮಾಡಿ, ಹೆಡ್‌ಫೋನನ್ನು ಮೈಕಿಗೆ ಒತ್ತಿಟ್ಟು ಅದನ್ನು ಇನ್ನೊಂದು ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ಎರಡು ಟ್ರ್ಯಾಕಿನ ‘ಟಕ್’ಗಳ ನಡುವೆ ಝೂಮ್ ಮಾಡಿ ಅಂತರ ಅಳೆಯಿರಿ. ಹೊಸ ಟಕ್ ತಡವಾಗಿ ಬಿದ್ದಿದ್ದರೆ ಆ ಅಂತರವನ್ನು 130ಕ್ಕೆ ಕೂಡಿ, ಮುಂಚೆ ಬಿದ್ದಿದ್ದರೆ ಕಳೆಯಿರಿ. ರೀಪರ್‌ನವರು ಪ್ರೆಫರೆನ್ಸಸ್‌ನ ರೆಕಾರ್ಡಿಂಗ್ ಪುಟದಲ್ಲಿ ಡ್ರೈವರ್ ಹೇಳುವ ಲೇಟೆನ್ಸಿ ಬಳಸುವ ಟಿಕ್ ಇದೆಯಾ ನೋಡಿದರೆ ಸಾಮಾನ್ಯವಾಗಿ ಸಾಕು.

ಪಲ್ಲವಿಯಲ್ಲಿ ಸರಿ, ಕೊನೆಯ ಚರಣದ ಹೊತ್ತಿಗೆ ದೂರ ಅಂದರೆ ಕಥೆ ಬೇರೆ. ಯುಎಸ್‌ಬಿ ಮೈಕಿನಲ್ಲಿ ಹಾಡಿ ಲ್ಯಾಪ್‌ಟಾಪಿನ ತೂತಿನಿಂದ ಟ್ರ್ಯಾಕ್ ಕೇಳುವವರಿಗೆ ಹೀಗಾಗುತ್ತದೆ. ಎರಡಕ್ಕೂ ಅದರದರದೇ ಗಡಿಯಾರ ಇದೆ, ಎರಡೂ ಕೂದಲೆಳೆಯಷ್ಟು ಬೇರೆ ಓಡುತ್ತವೆ. ಯುಎಸ್‌ಬಿ ಮೈಕಿನಲ್ಲೇ ಹೆಡ್‌ಫೋನ್ ತೂತು ಇದ್ದರೆ ಅಲ್ಲಿಗೆ ಚುಚ್ಚಿ, ಔಟ್‌ಪುಟ್ಟನ್ನೂ ಅದಕ್ಕೇ ಬದಲಿಸಿ. ಒಂದೇ ಗಡಿಯಾರ ಆಗುತ್ತದೆ.

ಸುಮ್ಮನಿದ್ದಾಗ ಗುಂಯ್ ಅನ್ನುತ್ತದೆ

ನಮ್ಮ ಕರೆಂಟು 50 ಹರ್ಟ್ಸ್. ಅದರಿಂದ ಹುಟ್ಟುವ ಈ ಗುಂಯ್, ಅಂದರೆ ಹಮ್, ಬಂದರೆ 50ರಲ್ಲೂ ಅದರ ಗುಣಿತಗಳಾದ 100, 150ರಲ್ಲೂ ಬರುತ್ತದೆ. ಶ್ರುತಿಯ ಲೆಕ್ಕದಲ್ಲಿ ಇದು ಐದು ಮನೆಗೆ (ಹಾರ್ಮೋನಿಯಂನ ಜಿ ಸ್ವರ) ತುಸು ಮೇಲೆ ಬೀಳುತ್ತದೆ. ಐದು ಮನೆಯ ಮಂದ್ರ ಷಡ್ಜ 98 ಹರ್ಟ್ಸ್, ಹಮ್ಮಿನ ಎರಡನೆಯ ಅಲೆ 100. ಹಾಗಾಗಿ ಐದು ಮನೆಯಲ್ಲಿ ಹಾಡುವವರಿಗೆ ಹಮ್ ತಂಬೂರದ ಅಡಿಯಲ್ಲಿ ಅಡಗಿ, ಸೆಕೆಂಡಿಗೆ ಎರಡು ಸಲ ಅಲುಗಿದ ಹಾಗೆ ಕೇಳಬಹುದು. ತಂಬೂರ ಶ್ರುತಿ ತಪ್ಪಿದೆ ಅಂತ ಬಿರಡೆ ತಿರುಗಿಸುವ ಮೊದಲು ತಂಬೂರ ನಿಲ್ಲಿಸಿ ಬರೀ ಕೋಣೆಯನ್ನು ಕೇಳಿ.

ಲ್ಯಾಪ್‌ಟಾಪಿನ ಚಾರ್ಜರ್ ಕೀಳಿ. ಹಮ್ ನಿಂತರೆ ಕಾರಣ ಚಾರ್ಜರ್ ಅಥವಾ ಅರ್ತಿಂಗಿನ ಸುತ್ತು. ಟೇಕ್ ಮುಗಿಯುವ ತನಕ ಬ್ಯಾಟರಿಯಲ್ಲೇ ಓಡಿಸಿ. ಶಾಶ್ವತವಾಗಿ ಹೋಗಬೇಕಾದರೆ ಲ್ಯಾಪ್‌ಟಾಪ್, ಸ್ಪೀಕರ್, ಮಿಕ್ಸರ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಬೇರೆ ಬೇರೆ ಗೋಡೆಯ ಸಾಕೆಟ್‌ಗಳಿಂದ ಬಂದರೆ ಅರ್ತ್ ಎರಡು ದಾರಿಯಲ್ಲಿ ಸೇರಿ ಹಮ್ ಹುಟ್ಟುತ್ತದೆ. ಮೂರನೆಯ ಪಿನ್ ಮುರಿದರೆ ಅಥವಾ ಟೇಪ್ ಸುತ್ತಿದರೆ ಹಮ್ ಹೋಗುತ್ತದೆ ಅಂತ ಯಾರಾದರೂ ಹೇಳಿಯಾರು. ಹಮ್ ಹೋಗುವುದೂ ನಿಜ. ಆದರೆ ಒಳಗೆ ಏನಾದರೂ ಕೆಟ್ಟರೆ ಕರೆಂಟು ಹೋಗಬೇಕಾದ ದಾರಿ ಅದೊಂದೇ. ಆಮೇಲೆ ಅದು ನಿಮ್ಮ ಮೈಮೂಲಕ ಹೋಗುತ್ತದೆ. ಮಾಡಲೇಬೇಡಿ.

ಕರೆಂಟು ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಗರಗರ ಜಾಸ್ತಿಯಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಸೈನ್ ವೇವ್‌ನಲ್ಲಿ ಈ ಕಾಟ ಕಡಿಮೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಡಿಮ್ಮರ್ ಇರುವ ದೀಪ ಒಂದೊಂದಾಗಿ ಆರಿಸಿ ಕೇಳಿ. ಫೋನನ್ನು ಮೈಕಿಂದ ದೂರ ಇಡಿ. ಪಿಕಪ್ ಹಾಕಿದ ವೀಣೆ, ಗಿಟಾರ್ ಹಿಡಿದು ಕೂತಲ್ಲೇ ಸುತ್ತ ತಿರುಗಿ: ತಿರುಗಿದ ಹಾಗೆ ಹಮ್ ಏರಿಳಿದರೆ ಅದು ಗಾಳಿಯಿಂದ ಬರುತ್ತಿದೆ, ಕೂರುವ ದಿಕ್ಕು ಬದಲಿಸಿದರೆ ಸಾಕು.

ಸಾಫ್ಟ್‌ವೇರಿನಲ್ಲಿ ತೆಗೆಯುವುದು ಕೊನೆಗೆ. ದನಿಗೆ 80 ಹರ್ಟ್ಸ್ ಕೆಳಗಿನದನ್ನು ಹೈಪಾಸ್ ಫಿಲ್ಟರಿನಿಂದ ಕತ್ತರಿಸಿ, ನಷ್ಟವಿಲ್ಲ. ಮೃದಂಗದ ಎಡಕ್ಕೆ, ತಬಲಾದ ಡಗ್ಗಾಕ್ಕೆ ಹಾಗೆ ಮಾಡಬೇಡಿ, ಗುಂಕಿ ಹೋಗುತ್ತದೆ. ಅಲ್ಲಿ 50, 100ರಲ್ಲಿ ಆ ಒಂದು ಜಾಗವನ್ನಷ್ಟೇ ತೆಗೆಯುವ ಕಿರಿದಾದ ನಾಚ್ ಫಿಲ್ಟರ್ ಹಾಕಿ. ಗುಂಯ್ ಅಲ್ಲ, ಸುಯ್ ಅನ್ನುತ್ತಿದೆ ಅಂದರೆ ಅದು ಹಮ್ ಅಲ್ಲ. ಮೈಕ್ ದೂರ ಇಟ್ಟು ಗೇನ್ ಏರಿಸಿದ್ದೀರಿ, ಹತ್ತಿರ ಬನ್ನಿ.

ತಂಬೂರ ಮಾಯವಾಗುತ್ತದೆ

ಪರಿಚಯದ ಸಂಗೀತದ ಟೀಚರ್ ಒಬ್ಬರು ಫೋನ್ ಮಾಡಿದ್ದರು. “ನೋಡಪ್ಪ, ತಂಬೂರ ಶುರುವಿನಲ್ಲಿ ಬರುತ್ತೆ, ಆಮೇಲೆ ಇಲ್ಲ. ನಾನು ಬಾಯಿ ತೆಗೆದರೆ ಮತ್ತೆ ಬರುತ್ತೆ. ಆ ಪೆಟ್ಟಿಗೆ ಕೆಟ್ಟಿದೆಯಾ?” ಅಂದರು. “ಪೆಟ್ಟಿಗೆ ಕೆಟ್ಟಿಲ್ಲ ಮೇಡಂ, ಫೈಲ್ ಕಳಿಸಿ” ಅಂದೆ. ಅಲೆ ದೊಡ್ಡದು ಮಾಡಿ ನೋಡಿದರೆ ಗೊತ್ತಾಗುತ್ತಿತ್ತು. ಮೊದಲ ಎರಡು ಸೆಕೆಂಡ್ ತಂಬೂರದ ತೆಳು ಪಟ್ಟಿ, ಆಮೇಲೆ ಅದು ಸಣ್ಣಗಾಗುತ್ತ ನೇರ ಗೆರೆ. ಆಲಾಪನೆ ಶುರುವಾದಲ್ಲಿ ಪಟ್ಟಿ ಮತ್ತೆ ಹಾಜರ್. ಕೊನೆಯಲ್ಲಿ ಅವರು ಷಡ್ಜದ ಮೇಲೆ ಉದ್ದಕ್ಕೆ ನಿಂತಿದ್ದರಲ್ಲ, ಆ ಷಡ್ಜವೂ ಅರ್ಧದಲ್ಲಿ ಕರಗಿತ್ತು.

ಇದು ಕೆಟ್ಟದ್ದಲ್ಲ, ಜಾಣತನ ಜಾಸ್ತಿಯಾದದ್ದು. ಲ್ಯಾಪ್‌ಟಾಪುಗಳಲ್ಲಿ ಮೀಟಿಂಗಿಗೆ ಅಂತ ನಾಯ್ಸ್ ಸಪ್ರೆಷನ್ ಇರುತ್ತದೆ. ಒಂದೇ ಸಮ ಕೇಳುವುದೆಲ್ಲ ಅದಕ್ಕೆ ಫ್ಯಾನಿನ ಸದ್ದು. ತಂಬೂರ ಇರುವುದೇ ಒಂದೇ ಸಮ ಕೇಳಲಿಕ್ಕೆ, ಅಲ್ವಾ? ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಆಯ್ಕೆ ಮಾಡಿ ‘ಆಡಿಯೋ ಎನ್‌ಹಾನ್ಸ್‌ಮೆಂಟ್ಸ್’ ಆಫ್ ಮಾಡಿ. ಆಮೇಲೆ ಲ್ಯಾಪ್‌ಟಾಪ್ ಕಂಪನಿ ಕೊಟ್ಟ ಆಡಿಯೋ ಆ್ಯಪ್ ಬೇರೆ ಇದೆಯಾ ನೋಡಿ, ಅದರಲ್ಲೂ ಇಂಥದೇ ಸ್ವಿಚ್ ಇರುತ್ತದೆ. ಆನ್‌ಲೈನ್ ಪಾಠದವರು ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡಬೇಕು.

ಆಡಾಸಿಟಿಯ ನಾಯ್ಸ್ ರಿಡಕ್ಷನ್ ಕೂಡ ಹೀಗೇ ಮೋಸ ಮಾಡೀತು. ಗದ್ದಲದ ಮಾದರಿ ಕೊಡುವಾಗ ತಂಬೂರ ನಿಂತಿರಬೇಕು. ಪ್ರತಿ ರೆಕಾರ್ಡಿಂಗಿನ ಮೊದಲು ಹತ್ತು ಸೆಕೆಂಡ್ ಬರೀ ಕೋಣೆಯ ಸದ್ದು ತುಂಬಿಕೊಳ್ಳುವ ಅಭ್ಯಾಸ ಇದಕ್ಕೂ ಆಗುತ್ತದೆ.

ಶ್ರುತಿಯೇ ಏರಿದೆ ಅಥವಾ ಇಳಿದಿದೆ

ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅನ್ನುವುದು) ಎರಡು ಕಡೆ ಎರಡು ಥರ ಇದೆ. 44.1 ಕಿಲೋಹರ್ಟ್ಸ್‌ನಲ್ಲಿ ತುಂಬಿದ್ದನ್ನು 48ರಲ್ಲಿ ಓಡಿಸಿದರೆ ಒಂದು ಮನೆಯಲ್ಲಿ ಹಾಡಿದ್ದು ಒಂದೂವರೆಗೂ ಎರಡಕ್ಕೂ ನಡುವೆ, ಯಾವ ಶ್ರುತಿಗೂ ಸೇರದ ಕಡೆ ಹೋಗಿ ಕೂರುತ್ತದೆ. ಐದು ನಿಮಿಷದ ಹಾಡು 4 ನಿಮಿಷ 36 ಸೆಕೆಂಡಿಗೆ ಮುಗಿಯುತ್ತದೆ. ತಿರುಗಾಮುರುಗಾ ಆದರೆ ಐದೂವರೆ ನಿಮಿಷದ ಹತ್ತಿರ ಎಳೆಯುತ್ತದೆ. ಅವಧಿ ನೋಡಿದರೇ ದೋಷ ಖಚಿತ. ಸೌಂಡ್ ಕಾರ್ಡಿನ ಪ್ಯಾನೆಲ್, ವಿಂಡೋಸ್, ಪ್ರಾಜೆಕ್ಟ್ ಮೂರರಲ್ಲೂ ಒಂದೇ ಸಂಖ್ಯೆ ಇಡಿ. ವಿಡಿಯೋ ಮಾಡುವವರಿಗೆ 48 ಅನುಕೂಲ. ಆಗಲೇ ತುಂಬಿದ ಹಾಡು ಹಾಳಾಗಿಲ್ಲ. ಆಡಾಸಿಟಿಯಲ್ಲಿ ಟ್ರ್ಯಾಕಿನ ಮೆನುವಿನಿಂದ ‘ರೇಟ್’ ಬದಲಿಸಿದರೆ ಸರಿಯಾಗುತ್ತದೆ.

ಒಂದೇ ಕಿವಿಯಲ್ಲಿ ಕೇಳುತ್ತದೆ

ಟ್ರ್ಯಾಕಿನ ಇನ್‌ಪುಟ್ ಸ್ಟೀರಿಯೋ ಆಗಿದೆ, ಮೈಕ್ ಒಂದೇ ಇದೆ. ಮೋನೋ ಮಾಡಿ. ಅಷ್ಟೇ.

ಏರು ಸ್ಥಾಯಿಯಲ್ಲಿ ದನಿ ಒಡೆಯುತ್ತದೆ

ಅಲೆಯ ತುದಿ ನೋಡಿ. ಕತ್ತರಿಯಿಂದ ಸಮ ಕತ್ತರಿಸಿದ ಹಾಗಿದ್ದರೆ ಕ್ಲಿಪ್ ಆಗಿದೆ. ಡಿಜಿಟಲ್‌ನಲ್ಲಿ ಸೊನ್ನೆ ಡಿಬಿಯ ಮೇಲೆ ಜಾಗವೇ ಇಲ್ಲ. 24 ಬಿಟ್‌ನಲ್ಲಿ ತುಂಬಿ, ಅತಿ ಜೋರಾದ ಜಾಗ ಮೈನಸ್ 12ರ ಆಸುಪಾಸು ಇರಲಿ. ಮೀಟರ್ ಕೆಂಪಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು ಅನ್ನುವುದು ಕ್ಯಾಸೆಟ್ ಕಾಲದ ಮಾತು, ಈಗ ಬೇಕಿಲ್ಲ. ಮೀಟರ್ ಸೊನ್ನೆ ಮುಟ್ಟದಿದ್ದರೂ ಒಡೆಯುತ್ತಿದ್ದರೆ ಒಡೆದದ್ದು ಮೊದಲೇ, ಮೈಕಿನಲ್ಲಿ ಅಥವಾ ಗೇನಿನ ಹಂತದಲ್ಲಿ. ಯಕ್ಷಗಾನದ ಚಂಡೆ ಮುಂದೆ ಕಂಡೆನ್ಸರ್ ಇಟ್ಟರೆ ಇದು ಮಾಮೂಲು. ಸದ್ದು ತಗ್ಗಿಸುವ ಪ್ಯಾಡ್ ಸ್ವಿಚ್ ಹಾಕಿ, ದೂರ ಸರಿಸಿ, ಇಲ್ಲ ಡೈನಾಮಿಕ್ ಮೈಕ್ ಇಡಿ. ಒಡೆದ ಟೇಕನ್ನು ರಿಪೇರಿ ಪ್ಲಗಿನ್‌ಗಳು ಅಷ್ಟಿಷ್ಟು ತೇಪೆ ಹಾಕಬಲ್ಲವು. ಮತ್ತೆ ಹಾಡುವುದು ಬೇಗ ಮುಗಿಯುವ ಕೆಲಸ.

ಸಾಫ್ಟ್‌ವೇರ್ ಮುಚ್ಚಿಹೋಗುತ್ತದೆ, ಪ್ರಾಜೆಕ್ಟ್ ತೆರೆಯುತ್ತಿಲ್ಲ

ರೀಪರ್‌ನಲ್ಲಿ ಪ್ರಾಜೆಕ್ಟ್ ತೆರೆಯುವ ಕಿಟಕಿಯಲ್ಲೇ ಎಫೆಕ್ಟುಗಳನ್ನು ಆಫ್‌ಲೈನ್ ಇಟ್ಟು ತೆರೆಯುವ ರಿಕವರಿ ಆಯ್ಕೆ ಇದೆ. ಹಾಗೆ ತೆರೆದುಕೊಂಡರೆ ತಪ್ಪಿತಸ್ಥ ಪ್ಲಗಿನ್ನೇ. ಒಂದೊಂದಾಗಿ ಆನ್ ಮಾಡುತ್ತ ಹೋಗಿ. ಪ್ರಾಜೆಕ್ಟ್ ಫೈಲೇ ಕೆಟ್ಟಿದ್ದರೆ ಅದೇ ಫೋಲ್ಡರಿನಲ್ಲಿ ಬ್ಯಾಕಪ್ ಫೈಲ್ ಹುಡುಕಿ. ಕರೆಂಟು ಹೋಗಿ ಡೆಸ್ಕ್‌ಟಾಪ್ ಆರಿದರೂ ಧೈರ್ಯ ಬಿಡಬೇಡಿ: ರೀಪರ್ ಹಾಡುವಾಗಲೇ ವೇವ್ ಫೈಲನ್ನು ಡಿಸ್ಕಿಗೆ ಬರೆಯುತ್ತ ಹೋಗುತ್ತದೆ. ಆ ಫೈಲ್ ತೆರೆಯದಿದ್ದರೆ ಆಡಾಸಿಟಿಯಲ್ಲಿ ‘ಇಂಪೋರ್ಟ್ ರಾ ಡೇಟಾ’ ಕೊಟ್ಟು 24 ಬಿಟ್, 48000, ಮೋನೋ ಅಂತ ಹೇಳಿ ನೋಡಿ. ದನಿ ಹಲವು ಸಲ ಪೂರ್ತಿ ಸಿಗುತ್ತದೆ.

ಆಡಾಸಿಟಿಯ ಹಳೆಯ ಪ್ರಾಜೆಕ್ಟುಗಳು ಬೇರೆ ಕಂಪ್ಯೂಟರಿನಲ್ಲಿ ಖಾಲಿಯಾಗಿ ತೆರೆಯುತ್ತವೆ ಅಂದರೆ ಡೇಟಾ ಫೋಲ್ಡರ್ ಬಿಟ್ಟು ಬರೀ ಚಿಕ್ಕ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದಿದ್ದೀರಿ. 2021ರಲ್ಲಿ ಬಂದ 3.0ರಿಂದ ಎಲ್ಲ ಒಂದೇ ಫೈಲಿನಲ್ಲಿರುತ್ತದೆ. ಆದರೂ ಪೆನ್‌ಡ್ರೈವ್ ಮೇಲೆ, ಸಿಂಕ್ ಆಗುವ ಫೋಲ್ಡರಿನಲ್ಲಿ ಕೆಲಸ ಮಾಡಬೇಡಿ. ಡಿಸ್ಕಿನಲ್ಲಿ ಮಾಡಿ, ಮುಗಿದ ಮೇಲೆ ಕಾಪಿ ಮಾಡಿ. ಜಾಗದ ಲೆಕ್ಕ: 24 ಬಿಟ್, 48 ಕಿಲೋಹರ್ಟ್ಸ್ ಮೋನೋ ನಿಮಿಷಕ್ಕೆ 8.6 ಎಂಬಿ.

ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ ಕಂಪ್ಯೂಟರ್ ಆರಿಸಿ. ಮತ್ತೆ ಮತ್ತೆ ಆನ್ ಮಾಡಿ ನೋಡಿದಷ್ಟೂ ಉಳಿಯುವುದು ಕಡಿಮೆ. ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ.

ಎಕ್ಸ್‌ಪೋರ್ಟ್ ಮಾಡಿದ ಮೇಲೆ ಬೇರೆ ಥರ ಕೇಳುತ್ತದೆ

ಒಂದು ವಾದ್ಯ ಮಾತ್ರ ಬಂದಿದ್ದರೆ ಸೋಲೋ ಗುಂಡಿ ಆನ್ ಉಳಿದಿದೆ. ಹಾಡು ಅರ್ಧಕ್ಕೆ ನಿಂತರೆ ಇಡೀ ಪ್ರಾಜೆಕ್ಟ್ ಬದಲು ಆಯ್ಕೆ ಮಾಡಿದ ಭಾಗ ಮಾತ್ರ ರೆಂಡರ್ ಆಗಿದೆ. ಹೆಡ್‌ಫೋನಿನಲ್ಲಿ ಚೆನ್ನಾಗಿದ್ದ ವಯಲಿನ್ ಫೋನ್ ಸ್ಪೀಕರಿನಲ್ಲಿ ಮಾಯವಾದರೆ ಆ ಟ್ರ್ಯಾಕಿನ ಎಡ ಬಲ ಒಂದಕ್ಕೊಂದು ಉಲ್ಟಾ ಇವೆ, ಮೋನೋ ಆದಾಗ ಹೊಡೆದುಹೋಗುತ್ತವೆ. ಒಂದು ಕಡೆಯ ಪೋಲಾರಿಟಿ ತಿರುಗಿಸಿ. ಮಿಕ್ಸ್ ಮುಗಿಸುವ ಮೊದಲು ಒಮ್ಮೆ ಮೋನೋ ಒತ್ತಿ ಕೇಳುವುದು ಒಳ್ಳೆಯದು, ನಿಮ್ಮ ನೆಂಟರೆಲ್ಲ ಫೋನಿನಲ್ಲೇ ಕೇಳುವುದು.

ಯೂಟ್ಯೂಬಿಗೆ ಹಾಕಿದ ಮೇಲೆ ಸಪ್ಪೆ ಅನ್ನಿಸಿದರೆ ಅತಿಯಾಗಿ ಜೋರು ಮಾಡಿದ್ದೀರಿ. ಹಾಡಿನ ಒಟ್ಟಾರೆ ಜೋರು ಅಳೆಯುವ ಲೆಕ್ಕದಲ್ಲಿ ಸುಮಾರು ಮೈನಸ್ 14 ಲಫ್ಸ್‌ಗಿಂತ ಜೋರಿದ್ದರೆ ಅದು ತಾನೇ ತಗ್ಗಿಸುತ್ತದೆ. ಲಿಮಿಟರ್ ಹಿಂಡಿ ಏರಿಸಿದ ಜೋರು ಅಲ್ಲಿ ಹೋಗುತ್ತದೆ, ಹಿಂಡಿದ ಗಾಯ ಉಳಿಯುತ್ತದೆ. ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೈಲ್ ಇದ್ದ ಹಾಗೇ ಹೋಗುತ್ತದೆ.

ಇಷ್ಟಾದರೂ ಹೋಗದಿದ್ದರೆ

ಸೌಂಡ್ ಕಾರ್ಡನ್ನು ಬೇರೊಬ್ಬರ ಕಂಪ್ಯೂಟರಿಗೆ ಚುಚ್ಚಿ ನೋಡಿ. ಅಲ್ಲೂ ಅದೇ ಕಾಟ ಅಂದರೆ ಪೆಟ್ಟಿಗೆ ಕೆಟ್ಟಿದೆ. ವಾರಂಟಿ ಇದ್ದರೆ ಬಿಚ್ಚಬೇಡಿ. ಸುಟ್ಟ ವಾಸನೆ, ಕೈ ಇಡಲಾಗದಷ್ಟು ಬಿಸಿ, ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿರುವುದು, ಇವು ಕಂಡರೆ ಪರೀಕ್ಷೆ ಮುಂದುವರಿಸಬೇಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚಾರ್ಜಿಗೂ ಹಾಕಬೇಡಿ. ಕೇಬಲ್, ಕನೆಕ್ಟರ್ ಮಾತ್ರ ಕೆಟ್ಟಿದ್ದರೆ ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದೇ ಇದೆ. ಬೇರೆ ಊರಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವರನ್ನು ಕೇಳಿ, ಬೆಸುಗೆ ಹಾಕುವ ಕೈ ಅವರಲ್ಲಿರುತ್ತದೆ.

ತಿಳಿದವರನ್ನು ಕೇಳುವಾಗ ‘ಸೌಂಡ್ ಸರಿ ಬರ್ತಿಲ್ಲ’ ಅಂತ ಬರೆದರೆ ಅವರೂ ಹತ್ತು ಪ್ರಶ್ನೆ ವಾಪಸ್ ಕೇಳಬೇಕಾಗುತ್ತದೆ. ಕಂಪ್ಯೂಟರ್ ಯಾವುದು, ಸೌಂಡ್ ಕಾರ್ಡ್ ಮತ್ತು ಡ್ರೈವರ್ ಯಾವುದು, ಸಾಫ್ಟ್‌ವೇರಿನ ಆವೃತ್ತಿ, ಸ್ಯಾಂಪಲ್ ರೇಟ್, ಬಫರ್, ಏನೇನು ಬದಲಿಸಿ ನೋಡಿದಿರಿ, ಇಷ್ಟು ಬರೆದು ಆ ‘ಪರೀಕ್ಷೆ’ ಪ್ರಾಜೆಕ್ಟಿನ ವೇವ್ ಫೈಲ್ ಜೊತೆಗೆ ಕಳಿಸಿ. ಎಂಪಿ3 ಬೇಡ.